ಗಾಜಿನ ಕಟ್ಟೆಗೆ ಮಾತ್ರ ಬೆಳಕಾ?

ಕುಡಿಬ್ಯಾಡಿ ಅಂತ ಜಗಳ ಆಡೋಕೆ ಕೂತಿಲ್ಲ ಕಣ್ರವ್ವ ನಾನು. ಅದನ್ನ ಆಡಿ ಆಡಿ ಸಾಕಾಗದೆ. ಇವತ್ತು ನನ್ ಜಗಳ ಬರೀ ದೀಪದ್ದು.

ನಮ್ಮ ಮೈದುನನ ಮಗ ಕೆ.ಆರ್.ಎಸ್. ರಸ್ತೇಲಿ ಮನೆ ಕಟ್ಟುಸ್ತಾವ್ನೆ. ಹಾಲಿನ ಮೂಲೇಲಿ ಬಾರ್ ಕೌಂಟರು, ಅದರ ಮೇಲೆ 12 ಎಂ.ಎಂ. ಗಾಜು. ಗಾಜಿನಡಿ ನೀಲಿ, ಕೆಂಪು ಪಟ್ಟಿ ದೀಪ, ಮೇಲಿಂದ ಮೂರು ತೂಗುದೀಪ. ಮೊನ್ನೆ ಹಾಕಿ ತೋರ್ಸಿದ. ಮೇಲಿನ ಮೂರೂ ಬಲ್ಬು ಗಾಜಲ್ಲಿ ಕಂಡು ಕಣ್ಣಿಗೆ ಚುಚ್ತವೆ. ಬೆರಳಚ್ಚು, ಧೂಳು, ವೈರು, ಪಟ್ಟಿಯ ಒಂದೊಂದು ಚುಕ್ಕಿ, ಎಲ್ಲಾ ಎದ್ದು ಕಾಣ್ತದೆ. ದಿನಾ ಒರ್ಸೋರು ಯಾರು? ಕುಡಿಯೋರಂತೂ ಅಲ್ಲ.

ಬೃಂದಾವನದ ಪಕ್ಕದಲ್ಲಿ ಬೆಳೆದೋನಿಗೆ ಇಷ್ಟು ತಿಳಿಬಾರ್ದಾ? ಅಲ್ಲಿ ಕಾರಂಜಿಯ ದೀಪ ನೀರಲ್ಲಿ ಅಡಗಿರ್ತದೆ, ನಾವು ನೋಡೋದು ನೀರನ್ನ. ಇಲ್ಲೂ ಪಟ್ಟೀನ ಅಲ್ಯೂಮಿನಿಯಂ ಚಾನಲ್ಲಲ್ಲಿ ಕೂರ್ಸಿ, ಹಾಲುಬಣ್ಣದ ಮುಚ್ಚಳ ಹಾಕಿ, ಕಟ್ಟೆ ಅಂಚಿನ ಕೆಳಗೆ ಬಚ್ಚಿಟ್ರೆ ಆಯ್ತು. ಬಣ್ಣ 3000 ಕೆಲ್ವಿನ್ನಿನ ಹಳದಿ ಸಾಕು. ಅಡಾಪ್ಟರು ಬಿಸಿಯಾಯ್ತದೆ, ಅದಕ್ಕೆ ವಸಿ ಗಾಳಿ ಬುಡಿ.

ಆದ್ರೆ ನನಗೆ ಹೊಟ್ಟೆ ಉರಿದಿದ್ದು ಅಡುಗೆಮನೆಗೆ ಹೋದಾಗ. 9 ವ್ಯಾಟಿನ ಒಂದೇ ಬಲ್ಬು, ಅದೂ ಹಿಂದಿನ ಗೋಡೇಲಿ. ಒಲೆ ಮುಂದೆ ನಿಂತ್ರೆ ನಮ್ಮ ನೆರಳೇ ಪಾತ್ರೆ ಮೇಲೆ. ಸೊಪ್ಪಲ್ಲಿರೋ ಹುಳ ಕಾಣಲ್ಲ. ಯಾಕಪ್ಪ ಅಂದೆ. "ಸಾಕು ಬುಡು ದೊಡ್ಡವ್ವ, ಇಲ್ಲಿಗೆ ಯಾರ್ ಬತ್ತರೆ?" ಅಂದ. ಹೆಂಡ್ತಿ ಅಲ್ಲೇ ನಿಂತಿದ್ಲು! ಬೆಳಗಾನ ಐದಕ್ಕೆ ಎದ್ದು ಅಲ್ಲಿಗೆ ಬರೋಳು ಅವಳೇ ತಾನೆ?

ಕರೆಂಟ್ ಉಳಿತದೆ ಅಂತ ಸಬೂಬು ಬೇರೆ. ಬಾರಿನ ಪಟ್ಟಿ ಮೀಟರಿಗೆ 14 ವ್ಯಾಟು, 5 ಮೀಟರಿಗೆ 70. ದಿನಾ 5 ಗಂಟೆ ಉರಿದ್ರೆ ತಿಂಗಳಿಗೆ ಹತ್ತೂವರೆ ಯೂನಿಟ್ಟು. ಅಡುಗೆಮನೆ ಕಟ್ಟೆ ಮೇಲೆ ಅದರಲ್ಲಿ ಒಂದೇ ಮೀಟರ್ ಹಾಕಿದ್ರೆ ಎರಡು ಯೂನಿಟ್ಟು ಚಿಲ್ಲರೆ. ಅದಕ್ಕೆ ಮನೆ ಮುಳುಗೋಯ್ತದಾ?

1902ರಲ್ಲಿ ಶಿವನಸಮುದ್ರದ ಕರೆಂಟು ಮೊದಲು ಹೋಗಿದ್ದೂ ದೂರದ ಕೋಲಾರದ ಚಿನ್ನದ ಗಣಿಗೇ, ಪಕ್ಕದೂರಿನ ಒಲೆ ಮುಂದಕ್ಕಲ್ಲ. ನಮ್ಮ ಕನ್ನಂಬಾಡಿ ಕಟ್ಟೆ ಕಟ್ಟಿದ್ದು ಗದ್ದೆಗೆ ನೀರು ಕೊಡೋಕೆ ಮಾತ್ರ ಅಲ್ಲ, ಆ ಕರೆಂಟಿಗೆ ನೀರು ತಪ್ಪದಿರ್ಲಿ ಅಂತಾನೂ ಹೌದು. ಆಗ ಬುಡಿ, ಅದು ಸರ್ಕಾರದ ಲೆಕ್ಕ. ಇದು ನಮ್ಮನೆ ಲೆಕ್ಕ.

ಪಟ್ಟಿ ಮೇಲೆ ಗುರುತಿರೋ ಕಡೆ ಕತ್ತರಿಸಬೋದು ಅಂತ ವೈರಿಂಗ್ ಹುಡುಗನೇ ಯೋಳ್ದ. ಮುಂದಿನ ತಿಂಗಳು ಗೃಹಪ್ರವೇಶ. ಹೋದೋರು ಬಾರಿನ ಫೋಟೋ ತೆಗಿಯೋಕೆ ಮುಂಚೆ ಅಡುಗೆಮನೆ ಸ್ವಿಚ್ಚು ಹಾಕಿ ನೋಡಿ ಕಣ್ರವ್ವ.