ನೆರೆಯವನಾರು?

ಭಾನುವಾರದ ಬಲಿಪೂಜೆ ಮುಗಿಸಿ ತಿಲಕ್ ನಗರದ ಮನೆಗೆ ಹಿಂದಿರುಗುವ ಕಥೋಲಿಕ ಗೃಹಸ್ಥನೊಬ್ಬನನ್ನು, ‘ಈ ದಿನ ಯಾವ ವಾಚನಗಳಾದವು?’ ಎಂದು ಕೇಳಿದರೆ ಅವನು ಕ್ಷಣಕಾಲ ತಡವರಿಸುವುದುಂಟು. ಕಿವಿಯೇನೋ ಕೇಳಿರುತ್ತದೆ, ಮನಸ್ಸು ಮಗನ ಪರೀಕ್ಷೆಯ ಕಡೆಗೋ ಮನೆಯ ಬಾಡಿಗೆಯ ಕಡೆಗೋ ಹರಿದಿರುತ್ತದೆ. ಪುರಾಣ ಕೇಳಿ ಬಂದವರಿಗೂ ಈ ದೌರ್ಬಲ್ಯ ಅಪರಿಚಿತವಲ್ಲ. ಆದರೆ ಕೇಳಿದ ಮಾತು ನಡತೆಗೆ ಇಳಿಯದಿದ್ದರೆ ಶಿಷ್ಯತ್ವವೆಂಬುದು ಹೆಸರಿಗೆ ಮಾತ್ರ ಉಳಿಯುತ್ತದೆ.

ಹಿಂದೆ ಭಾಷೆಯ ನೆಪವೊಂದಿತ್ತು. ಪೂಜಾವಿಧಿ ಲ್ಯಾಟಿನ್ ಭಾಷೆಯಲ್ಲಿ ನಡೆಯುತ್ತಿತ್ತು. 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ಪೂಜಾವಿಧಿಯಲ್ಲಿ ದೇಶಭಾಷೆಗಳಿಗೆ ಬಾಗಿಲು ತೆರೆಯಿತು. 1969ರಲ್ಲಿ ವಾಚನಗಳ ಹೊಸ ಕ್ರಮ ಬಂದಿತು: ಒಂದು ವರ್ಷ ಮತ್ತಾಯ, ಮರುವರ್ಷ ಮಾರ್ಕ, ಮೂರನೆಯ ವರ್ಷ ಲೂಕ, ಯೋವಾನ್ನನ ಶುಭಸಂದೇಶಕ್ಕೆ ತಪಸ್ಸುಕಾಲ, ಪುನರುತ್ಥಾನ ಕಾಲಗಳಲ್ಲಿ ವಿಶೇಷ ಸ್ಥಾನ. ಕನ್ನಡಿಗನು ಶುಭಸಂದೇಶವನ್ನು ತನ್ನ ತಾಯ್ನುಡಿಯಲ್ಲೇ ಕೇಳುವಂತಾಯಿತು.

2025ರ ಜುಲೈ 13, ಲೂಕನ ವರ್ಷದ ಒಂದು ಭಾನುವಾರ. ದೇವರ ಆಜ್ಞೆಯನ್ನು ಅರಸಿ ಆಕಾಶಕ್ಕೇರಬೇಕಾಗಿಲ್ಲ, ಸಮುದ್ರ ದಾಟಬೇಕಾಗಿಲ್ಲ, ಅದು ನಾಲಿಗೆಯಲ್ಲೂ ಹೃದಯದಲ್ಲೂ ಇದೆ ಎಂಬುದು ಅಂದಿನ ಮೊದಲ ವಾಚನದ ತಾತ್ಪರ್ಯ. ಶುಭಸಂದೇಶದಲ್ಲಿ ಧರ್ಮಶಾಸ್ತ್ರಜ್ಞನೊಬ್ಬನು ಯೇಸುವನ್ನು, ತನ್ನ ನೆರೆಯವನಾರೆಂದು ಕೇಳುತ್ತಾನೆ. ಉತ್ತರವಾಗಿ ಬಂದುದು ಒಂದು ಕಥೆ. ಜೆರುಸಲೇಮಿನಿಂದ ಜೆರಿಕೋವಿಗೆ ಇಳಿಯುವ ಹಾದಿಯಲ್ಲಿ ಕಳ್ಳರು ಒಬ್ಬನನ್ನು ಹೊಡೆದು ಕೆಡವಿದರು. ಯಾಜಕನೊಬ್ಬನು ನೋಡಿ ಆಚೆಗೆ ಸರಿದು ಹೋದನು. ದೇವಾಲಯದ ಸೇವೆಗೆ ಸೇರಿದ ಕುಲದ ಲೇವಿಯನೂ ಹಾಗೆಯೇ ಹೋದನು. ಯೆಹೂದ್ಯರು ದೂರವಿಟ್ಟಿದ್ದ ಸಮಾರಿಯದವನೊಬ್ಬನು ಮರುಗಿ, ಗಾಯಗಳಿಗೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದು ಕಟ್ಟಿ, ಛತ್ರಕ್ಕೆ ಒಯ್ದು, ಆರೈಕೆಗೆ ಎರಡು ನಾಣ್ಯ ಕೊಟ್ಟನು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಆಚೆಗೆ ಸರಿದವರು ಧರ್ಮವನ್ನು ಅರಿಯದವರಲ್ಲ. ಧರ್ಮಗ್ರಂಥವನ್ನು ಚೆನ್ನಾಗಿ ಬಲ್ಲವರು. ಆದುದರಿಂದ ಪೂಜೆ ಮುಗಿಸಿ ಹಿಂದಿರುಗುವ ಗೃಹಸ್ಥನು ಕಥೆಯಲ್ಲಿ ತನ್ನ ಸ್ಥಾನವನ್ನು ಹುಡುಕುವುದಾದರೆ, ಮೊದಲು ಆ ಯಾಜಕನ ಪಕ್ಕದಲ್ಲಿ ಹುಡುಕಬೇಕು.

ತಿಲಕ್ ನಗರಕ್ಕೆ ಜೆರಿಕೋವಿನ ಹಾದಿ ದೂರವಲ್ಲ. ಅಪಘಾತಕ್ಕೊಳಗಾದವರಿಗೆ ಚಿಕಿತ್ಸೆ ನೀಡುವ ಸಂಜಯ್ ಗಾಂಧಿ ಆಸ್ಪತ್ರೆ ಸಮೀಪದಲ್ಲೇ ಇದೆ. ರಸ್ತೆಯಲ್ಲಿ ಬಿದ್ದವನನ್ನು ಕಂಡು, ಪೊಲೀಸರ ಗೊಡವೆ ಏಕೆಂದು ವಾಹನವನ್ನು ಮುಂದೆ ಓಡಿಸುವವರು ನಮ್ಮಲ್ಲಿಯೂ ಇದ್ದಾರೆ. ಆ ಭಯಕ್ಕೂ ಈಗ ಆಧಾರವಿಲ್ಲ. 2016ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂತಹ ಉಪಕಾರಿಗಳ ರಕ್ಷಣೆಯ ನಿಯಮಗಳಿಗೆ ಮನ್ನಣೆಯಿತ್ತಿತು; 2019ರಲ್ಲಿ ಮೋಟಾರು ವಾಹನ ಕಾಯಿದೆಗೆ 134-ಎ ಕಲಮು ಸೇರಿತು. ಸದ್ಭಾವದಿಂದ ನೆರವಾದವನ ಮೇಲೆ ಮೊಕದ್ದಮೆಯ ಹೊಣೆ ಬೀಳದು. ಅವನು ಹೆಸರನ್ನು ಹೇಳಲೇಬೇಕೆಂಬ ಬಲವಂತವೂ ಇಲ್ಲ. ಕಾಯಿದೆ ಅವನನ್ನು ಕರೆಯುವುದು ‘ಗುಡ್ ಸಮಾರಿಟನ್’ ಎಂದು. ಲೂಕನ ಕಥೆ ಭಾರತದ ಶಾಸನದ ಭಾಷೆಯಾಗಿದೆ.

ಶಾಸನ ಭಯವನ್ನು ನೀಗಿಸಬಹುದು, ಕರುಣೆಯನ್ನು ಹುಟ್ಟಿಸಲಾರದು. ಮಸೀದಿಯ ಕರೆ, ಗುಡಿಯ ಗಂಟೆ ಎರಡೂ ಕೇಳಿಬರುವ ಈ ಬಡಾವಣೆಯಲ್ಲಿ, ನಾಳೆ ಕಥೋಲಿಕನೇ ಗಾಯಗೊಂಡು ಬಿದ್ದರೆ ಅವನನ್ನೆತ್ತುವ ಕೈ ಯಾವ ಮತದ್ದೆಂದು ಹೇಳಬಲ್ಲವರಾರು? ತನ್ನ ನೆರೆಯವನಾರೆಂಬುದು ಶಾಸ್ತ್ರಜ್ಞನ ಪ್ರಶ್ನೆ. ಬಿದ್ದವನಿಗೆ ನೆರೆಯವನಾದವನಾರೆಂಬುದು ಯೇಸುವಿನ ಮರುಪ್ರಶ್ನೆ. ಶಾಸ್ತ್ರಜ್ಞನು ಸಮಾರಿಯದವನೆಂಬ ಹೆಸರನ್ನು ಎತ್ತದೆ, ದಯೆ ತೋರಿದವನೆಂದಷ್ಟೇ ಉತ್ತರಿಸಿದನು.

ವಾಚನದ ಆವರ್ತದಲ್ಲಿ ಈ ಕಥೆ ಆ ಭಾನುವಾರಕ್ಕೆ ಮತ್ತೆ ಬರುವುದು 2028ರಲ್ಲಿ. ಬಿದ್ದವನು ಅದುವರೆಗೆ ಕಾಯಲಾರನು.