ಕಿಟಕಿಯ ಗಾಜು ಬಣ್ಣ ಬದಲಿಸಬೇಕೆ?

ಕಟ್ಟಡಕ್ಕೆ ಕಿಟಕಿಯೇ ಕಣ್ಣು. ಗಾಳಿ ಬೆಳಕುಗಳನ್ನು ಒಳಗೆ ಬಿಟ್ಟುಕೊಂಡು, ಮಳೆ ಧೂಳುಗಳನ್ನು ಹೊರಗೇ ತಡೆದು, ಒಳಗಿರುವವರಿಗೆ ಹೊರಗಿನ ಲೋಕವನ್ನು ತೋರಿಸುವ ಕೆಲಸ ಅದರದು. ಶಾಲೆಯ ಮಟ್ಟಿಗಂತೂ ಕಿಟಕಿಯು ಕರಿಹಲಗೆಯಷ್ಟೇ ಮುಖ್ಯವಾದ ಪಾಠೋಪಕರಣ. ಬೆಳಕಿಲ್ಲದ ಕೊಠಡಿಯಲ್ಲಿ ಕರಿಹಲಗೆಯಿದ್ದೂ ಪ್ರಯೋಜನವಿಲ್ಲ. ಇಂತಹ ಕಿಟಕಿಯ ಗಾಜಿಗೆ ಕಪ್ಪು ಹಾಳೆ ಅಂಟಿಸುವ, ಬಣ್ಣ ಬಳಿಯುವ ರೂಢಿಯೊಂದು ನಮ್ಮ ಸೀಮೆಯಲ್ಲಿ ಹಬ್ಬುತ್ತಿದೆ. ಹೊಸೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯ ಇಕ್ಕೆಲಗಳಲ್ಲಿ ಎದ್ದಿರುವ ಗಾಜಿನ ಮುಖದ ಕಟ್ಟಡಗಳನ್ನು ಕಂಡು, ಅಂಗಡಿ, ಕಚೇರಿ, ಕಲ್ಯಾಣಮಂಟಪಗಳೂ, ಅವುಗಳ ಹಿಂದೆಯೇ ಶಾಲೆಗಳೂ ಅದೇ ವೇಷ ತೊಡಲು ಹೊರಟಿವೆ. ಸುವರ್ಣ ಮಹೋತ್ಸವದ ನೆನಪಿಗಾಗಿ ನಮ್ಮ ಶಾಲೆಗೂ ಹೊಸ ಕೊಠಡಿಗಳು ಬೇಕೆಂಬ ಮಾತು ಕೇಳಿಬರುತ್ತಿರುವ ಈ ಸಮಯದಲ್ಲಿ, ಈ ವಿಷಯವನ್ನು ಹಿರಿಯರ ಹಾಗೂ ಪೋಷಕರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಬಿಸಿಲು ಹೆಚ್ಚಿದಾಗ ಗಾಜು ಮಬ್ಬಾಗುವುದು, ಮೋಡ ಕವಿದಾಗ ತಿಳಿಯಾಗುವುದು ಅಪೇಕ್ಷಣೀಯವೇ. ಆದರೆ ಒಮ್ಮೆ ಕಪ್ಪಾಗಿ ಮತ್ತೆಂದೂ ತಿಳಿಯಾಗದ ಗಾಜು ಬಣ್ಣ ಬದಲಿಸಿದ ಗಾಜಲ್ಲ; ಅದು ದೃಷ್ಟಿ ಕಳೆದುಕೊಂಡ ಗಾಜು. ಈ ಎರಡರ ಅಂತರವನ್ನು ಅರಿಯದೆ ನಾವು ಹಣ ಸುರಿದರೆ ಅದರ ಬೆಲೆಯನ್ನು ತೆರುವವರು ಮಕ್ಕಳು.

ಗಾಜಿಗೆ ಬಣ್ಣ ಬರುವ ಬಗೆಯನ್ನು ಸ್ವಲ್ಪ ನೋಡೋಣ. ಮರಳು, ಸೋಡಾ, ಸುಣ್ಣಕಲ್ಲುಗಳನ್ನು ಕರಗಿಸಿ ಮಾಡುವ ಸಾಮಾನ್ಯ ಗಾಜೂ ಸಂಪೂರ್ಣ ವರ್ಣರಹಿತವಲ್ಲ. ಕಿಟಕಿಯ ಗಾಜಿನ ಒಂದು ತುಂಡನ್ನು ಅಂಚಿನ ಕಡೆಯಿಂದ ನೋಡಿದರೆ ಹಸುರು ಛಾಯೆ ಕಾಣುತ್ತದೆ. ಅದು ಮರಳಿನೊಡನೆ ಬೆರೆತಿರುವ ಕಬ್ಬಿಣದ ಅಂಶದ ಗುರುತು. ಕರಗಿದ ಗಾಜಿಗೆ ಕೋಬಾಲ್ಟ್ ಸೇರಿಸಿದರೆ ನೀಲಿ, ಮ್ಯಾಂಗನೀಸ್ ಹೆಚ್ಚಿದರೆ ನೇರಳೆ, ಅತ್ಯಲ್ಪ ಪ್ರಮಾಣದ ಚಿನ್ನ ಬೆರೆಸಿದರೆ ಮಾಣಿಕ್ಯದ ಕೆಂಪು. 1912ರಲ್ಲಿ ಪೂರ್ಣಗೊಂಡ ಮೈಸೂರು ಅರಮನೆಯ ಕಲ್ಯಾಣಮಂಟಪದ ಛಾವಣಿಯಲ್ಲಿ ನವಿಲುಗಳ ಚಿತ್ತಾರವಿರುವ ಬಣ್ಣದ ಗಾಜನ್ನು ನಮ್ಮಲ್ಲಿ ಅನೇಕರು ತಲೆಯೆತ್ತಿ ನೋಡಿ ಬೆರಗಾಗಿದ್ದೇವೆ. ಉತ್ಸವದ ಮಂಟಪಕ್ಕೆ ಅದು ಶೋಭೆ. ಆದರೆ ಭೂಪಟದ ಹಸುರು ಹಸುರಾಗಿಯೂ, ರಸಾಯನಶಾಸ್ತ್ರದ ಲಿಟ್ಮಸ್ ಕಾಗದದ ಕೆಂಪು ಕೆಂಪಾಗಿಯೂ ಕಾಣಬೇಕಾದ ತರಗತಿಗೆ ಅದು ಸಲ್ಲದು.

ಕೆಲವು ಗಾಜುಗಳು ತಾವಾಗಿಯೇ ಬಣ್ಣ ಬದಲಿಸುವುದೂ ಉಂಟು. ಕಬ್ಬಿಣದ ಹಸುರನ್ನು ನಿವಾರಿಸಲು ಹಿಂದಿನ ಗಾಜುಗಾರರು ಮ್ಯಾಂಗನೀಸನ್ನು ಸೇರಿಸುತ್ತಿದ್ದರು. ಆಗ ತಿಳಿಯಾಗಿ ಕಂಡ ಗಾಜು ಹತ್ತಾರು ವರ್ಷ ಬಿಸಿಲುಂಡು ನಸುನೇರಳೆಗೆ ತಿರುಗುತ್ತಿತ್ತು. ಅಮೆರಿಕದ ಬಾಸ್ಟನ್ ನಗರದ ಹಳೆಯ ಬಡಾವಣೆಯೊಂದರಲ್ಲಿ ಇಂತಹ ನೇರಳೆ ಕಿಟಕಿಗಳನ್ನು ಇಂದಿಗೂ ಪ್ರತಿಷ್ಠೆಯ ಕುರುಹಾಗಿ ಕಾಪಾಡಿಕೊಂಡಿದ್ದಾರೆ. ಆದರೆ ಈ ಬದಲಾವಣೆ ಒಮ್ಮುಖವಾದದ್ದು; ಸಂಜೆಯಾದರೆ ಬಣ್ಣ ಮರಳುವುದಿಲ್ಲ.

ಹೋಗಿ ಬರುವ ಬಣ್ಣವನ್ನು ಗಾಜಿಗೆ ಕೊಟ್ಟವರು ಅಮೆರಿಕದ ಕಾರ್ನಿಂಗ್ ಸಂಸ್ಥೆಯ ವಿಜ್ಞಾನಿಗಳಾದ ವಿಲಿಯಂ ಆರ್ಮಿಸ್ಟೆಡ್ ಮತ್ತು ಡೊನಾಲ್ಡ್ ಸ್ಟೂಕಿ. 1964ರಲ್ಲಿ ಅವರು ಪ್ರಕಟಿಸಿದ ಈ ಗಾಜಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿ ಲವಣದ ಹರಳುಗಳಿರುತ್ತವೆ. ಬಿಸಿಲಿನ ಅತಿನೇರಳೆ ಕಿರಣ ತಾಗಿದಾಗ ಬೆಳ್ಳಿ ಬೇರ್ಪಟ್ಟು ಗಾಜು ಕಪ್ಪಾಗುತ್ತದೆ. ನೆರಳಿಗೆ ಬಂದಾಗ ಬೆಳ್ಳಿ ಮತ್ತೆ ಲವಣದೊಡನೆ ಕೂಡಿ ಗಾಜು ತಿಳಿಯಾಗುತ್ತದೆ. ಬಿಸಿಲಿಗೆ ಕಪ್ಪಾಗುವ ಕನ್ನಡಕದ ಮೂಲ ಇದೇ. ಇಂದು ಪ್ಲಾಸ್ಟಿಕ್ ಮಸೂರಗಳಲ್ಲಿ ಬೆಳ್ಳಿಯ ಬದಲು ಬೇರೆ ಸಂಯುಕ್ತಗಳು ಅದೇ ಕೆಲಸ ಮಾಡುತ್ತವೆ. ಕನ್ನಡಕಕ್ಕೆ ಒಗ್ಗಿದ ಈ ಗುಣ ಕಿಟಕಿಗೆ ಅಷ್ಟಾಗಿ ಒಗ್ಗಲಿಲ್ಲ. ದೊಡ್ಡ ಹಲಗೆಗಳಿಗೆ ವೆಚ್ಚ ಅಧಿಕ. ಕಪ್ಪಾಗುವುದನ್ನು ನಮ್ಮ ಇಚ್ಛೆಯಂತೆ ತಡೆಯಲಾಗದು. ಎಲ್ಲಕ್ಕಿಂತ ಮಿಗಿಲಾಗಿ, ಇಂತಹ ಗಾಜು ಚಳಿಯಲ್ಲಿ ಹೆಚ್ಚು ಕಪ್ಪಾಗಿ, ಸೆಕೆಯಲ್ಲಿ ಕಡಿಮೆ ಕಪ್ಪಾಗುತ್ತದೆ. ಏಪ್ರಿಲ್ ತಿಂಗಳ ಕೃಷ್ಣಗಿರಿಯಲ್ಲಿ ನಮಗೆ ಬೇಕಾದದ್ದು ಇದರ ವಿರುದ್ಧ.

ಶಾಖಕ್ಕೆ ಸ್ಪಂದಿಸುವ ವಸ್ತುಗಳೂ ಇವೆ. ವನೇಡಿಯಂ ಡೈಆಕ್ಸೈಡ್ ಎಂಬ ವಸ್ತು ಸುಮಾರು 68 ಡಿಗ್ರಿ ಸೆಲ್ಸಿಯಸ್‌ನಲ್ಲಿ ತನ್ನ ಸ್ವಭಾವವನ್ನೇ ಬದಲಿಸಿ, ಅಲ್ಲಿಯವರೆಗೆ ಒಳಗೆ ಬಿಡುತ್ತಿದ್ದ ಅವಗೆಂಪು ಕಿರಣಗಳನ್ನು, ಅಂದರೆ ಬಿಸಿಲಿನ ಕಾಣದ ಶಾಖವನ್ನು, ತಡೆಯತೊಡಗುತ್ತದೆ. ಇದನ್ನು ಮಾರಿನ್ ಎಂಬ ವಿಜ್ಞಾನಿ 1959ರಲ್ಲಿ ಗುರುತಿಸಿದರು. ಟಂಗ್‌ಸ್ಟನ್ ಬೆರೆಸಿ ಆ ಮಟ್ಟವನ್ನು ಕೊಠಡಿಯ ಉಷ್ಣತೆಯ ಸಮೀಪಕ್ಕೆ ಇಳಿಸಬಹುದೆಂಬುದೂ ಸಿದ್ಧವಾಗಿದೆ.

ಮೂರನೆಯ ದಾರಿ ವಿದ್ಯುತ್ತಿನದು. 1969ರಲ್ಲಿ ಭಾರತ ಮೂಲದ ವಿಜ್ಞಾನಿ ಎಸ್. ಕೆ. ದೇಬ್ ಅವರು ಟಂಗ್‌ಸ್ಟನ್ ಆಕ್ಸೈಡಿನ ತೆಳುಪದರವು ವಿದ್ಯುತ್ತಿನಿಂದ ನೀಲಿಗೆ ತಿರುಗುವುದನ್ನು ಪ್ರಕಟಿಸಿದರು. ಎರಡು ಗಾಜುಗಳ ನಡುವೆ ಇಂತಹ ಪದರವನ್ನಿರಿಸಿ, ಟಾರ್ಚಿನ ಸೆಲ್ಲುಗಳು ಕೊಡುವಷ್ಟು ಅಲ್ಪ ವಿದ್ಯುತ್ತನ್ನು ಹಾಯಿಸಿದರೆ, ಲಿಥಿಯಂನಂತಹ ಅಯಾನುಗಳು ಪದರದೊಳಗೆ ಸೇರಿ ಗಾಜು ನೀಲಿಯಾಗುತ್ತದೆ. ವಿದ್ಯುತ್ತಿನ ದಿಕ್ಕನ್ನು ತಿರುಗಿಸಿದರೆ ತಿಳಿಯಾಗುತ್ತದೆ. ಏರ್ ಇಂಡಿಯಾ ಸಂಸ್ಥೆ 2012ರಿಂದ ಹಾರಿಸುತ್ತಿರುವ ಬೋಯಿಂಗ್ 787 ವಿಮಾನಗಳಲ್ಲಿ ಕಿಟಕಿಗೆ ಎಳೆಯುವ ಮುಚ್ಚಳವಿಲ್ಲ. ಗುಂಡಿಯೊತ್ತಿದರೆ ಕಿಟಕಿ ಮೆಲ್ಲಮೆಲ್ಲನೆ ಕಡುನೀಲಿಯಾಗುತ್ತದೆ. ನಮ್ಮೂರಿನ ಎಷ್ಟೋ ಮಕ್ಕಳು ಮುಂದೊಂದು ದಿನ ಆ ಗುಂಡಿಯನ್ನೊತ್ತುವರು. ಅದರ ಹಿಂದಿನ ತತ್ತ್ವವನ್ನು ಅವರು ಶಾಲೆಯಲ್ಲೇ ಅರಿತಿರಬೇಕೆಂಬುದು ನನ್ನ ಆಸೆ.

ಈ ವಿದ್ಯೆ ಕೇವಲ ಪರದೇಶದ್ದೆಂದು ತಿಳಿಯಬೇಕಾಗಿಲ್ಲ. ಹೊಸೂರಿಗೆ ಸುಮಾರು 40 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಇದರ ಒಂದು ಕವಲು ಬೆಳೆದಿದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರ ವಿಭಾಗವನ್ನು ಮುನ್ನಡೆಸಿ, ಬಳಿಕ ರಾಮನ್ ಸಂಶೋಧನಾ ಸಂಸ್ಥೆಗೆ ಬಂದ ಪ್ರೊ. ಎಸ್. ಚಂದ್ರಶೇಖರ್ ಅವರು 1977ರಲ್ಲಿ ತಮ್ಮ ಸಹೋದ್ಯೋಗಿಗಳೊಡನೆ ತಟ್ಟೆಯಾಕಾರದ ಅಣುಗಳ ದ್ರವಸ್ಫಟಿಕಗಳನ್ನು ಕಂಡುಹಿಡಿದು ಜಗದ್ವಿಖ್ಯಾತರಾದರು. ಅವರು 1991ರಲ್ಲಿ ಆರಂಭಿಸಿದ ದ್ರವಸ್ಫಟಿಕ ಸಂಶೋಧನಾ ಕೇಂದ್ರವೇ ಇಂದು ನ್ಯಾನೋ ಮತ್ತು ಮೃದು ವಸ್ತು ವಿಜ್ಞಾನಗಳ ಕೇಂದ್ರವಾಗಿದೆ. ದ್ರವಸ್ಫಟಿಕದ ಸೂಕ್ಷ್ಮ ಹನಿಗಳನ್ನು ಪ್ಲಾಸ್ಟಿಕ್ ಪದರದಲ್ಲಿ ಹುದುಗಿಸಿದ ಕಿಟಕಿಯು ವಿದ್ಯುತ್ ಇಲ್ಲದಾಗ ಹಾಲಿನಂತೆ ಬೆಳ್ಳಗಿದ್ದು, ವಿದ್ಯುತ್ ಹರಿದೊಡನೆ ತಿಳಿಯಾಗುತ್ತದೆ. ಇಂತಹ ಕಿಟಕಿಗಳಿಗೆ ಬೆಳಕನ್ನೂ ಬಿಡುವ, ವಿದ್ಯುತ್ತನ್ನೂ ಹರಿಸುವ ಗಾಜು ಬೇಕು. ಅದಕ್ಕೆ ರೂಢಿಯಲ್ಲಿರುವ ಇಂಡಿಯಂ ಲೇಪ ದುಬಾರಿ. ಪ್ರೊ. ಜಿ. ಯು. ಕುಲಕರ್ಣಿ ಮತ್ತು ಅವರ ತಂಡದವರು ಇದಕ್ಕೊಂದು ಸುಲಭೋಪಾಯ ಕಂಡುಕೊಂಡರು. ಬೇಸಗೆಯಲ್ಲಿ ಕೆರೆಯಂಗಳದ ಮಣ್ಣು ಒಣಗಿ ಬಿರುಕು ಬಿಡುವಂತೆ ಗಾಜಿನ ಮೇಲೆ ಹಚ್ಚಿದ ಲೇಪವೂ ಒಣಗಿ ಬಿರುಕು ಬಿಡುತ್ತದೆ. ಆ ಬಿರುಕುಗಳಲ್ಲಿ ಲೋಹವನ್ನು ತುಂಬಿ ಲೇಪವನ್ನು ತೊಳೆದರೆ, ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಲೋಹದ ಬಲೆ ಉಳಿಯುತ್ತದೆ. ಬರಗಾಲದ ಕೆರೆಯನ್ನು ಕಂಡ ನಮ್ಮ ರೈತರ ಮಕ್ಕಳಿಗೆ ಇದನ್ನು ಅರ್ಥ ಮಾಡಿಸಲು ಬೇರೆ ಉಪಮೆ ಬೇಕಿಲ್ಲ.

ಈ ಎಲ್ಲ ಸಾಹಸಗಳ ಗುರಿ ಒಂದೇ: ಬೇಕಾದಾಗ ಬೆಳಕು, ಬೇಡವಾದಾಗ ನೆರಳು. ಅಂಗಡಿಯಿಂದ ತಂದು ಅಂಟಿಸುವ ಕಪ್ಪು ಹಾಳೆಗೆ ಈ ವಿವೇಕವಿಲ್ಲ. ಒಂದು ಸರಳ ಲೆಕ್ಕ ನೋಡಿ. ತರಗತಿಯಲ್ಲಿ ಓದು ಬರಹಕ್ಕೆ ಸುಮಾರು 300 ಲಕ್ಸ್ ಬೆಳಕು ಬೇಕೆಂಬುದು ನಮ್ಮ ದೇಶದಲ್ಲಿ ಅಂಗೀಕೃತವಾದ ಮಾನ. ಮೋಡ ಮುಚ್ಚಿದ ದಿನ ಹೊರಗೆ 10,000 ಲಕ್ಸ್ ಇದ್ದರೆ, ಒಳ್ಳೆಯ ಕಿಟಕಿಗಳುಳ್ಳ ಕೊಠಡಿಯ ನಡುವೆ ಅದರ ನೂರರಲ್ಲಿ ಎರಡು ಮೂರು ಪಾಲು, ಅಂದರೆ 200ರಿಂದ 300 ಲಕ್ಸ್ ಸಿಕ್ಕೀತು. ತಿಳಿಗಾಜು ಬೆಳಕಿನ ಶೇಕಡಾ 90ರಷ್ಟನ್ನು ಬಿಡುತ್ತದೆ. ಶೇಕಡಾ 20ರಷ್ಟನ್ನು ಮಾತ್ರ ಬಿಡುವ ಹಾಳೆ ಅಂಟಿಸಿದರೆ ಆ 300 ಲಕ್ಸ್ ಎಪ್ಪತ್ತರ ಒಳಕ್ಕೆ ಕುಸಿಯುತ್ತದೆ. ಆಗ ಹಗಲಿನಲ್ಲೇ ದೀಪ ಹಚ್ಚಬೇಕು. ಕರೆಂಟು ಹೋದರೆ ಪುಸ್ತಕ ಮುಚ್ಚಬೇಕು. ಮೇಲಾಗಿ ಕಪ್ಪು ಗಾಜು ಬಿಸಿಲನ್ನು ತಾನೇ ಹೀರಿ ಕಾದು, ಆ ಶಾಖದಲ್ಲೊಂದು ಪಾಲನ್ನು ಒಳಗೇ ಬಿಡುತ್ತದೆ.

ವಾಹನಗಳ ಗಾಜಿನ ವಿಚಾರದಲ್ಲಿ ಸರ್ವೋಚ್ಚ ನ್ಯಾಯಾಲಯವು 2012ರ ಏಪ್ರಿಲ್‌ನಲ್ಲಿ ಕಪ್ಪು ಹಾಳೆಗಳ ವಿರುದ್ಧ ತೀರ್ಪಿತ್ತಾಗ ಆಧಾರವಾಗಿದ್ದ ನಿಯಮವನ್ನು ನೆನೆಯಬಹುದು: ಕಾರಿನ ಮುಂದಿನ ಹಿಂದಿನ ಗಾಜುಗಳ ಮೂಲಕ ಶೇಕಡಾ 70ರಷ್ಟಾದರೂ, ಪಕ್ಕದ ಗಾಜುಗಳ ಮೂಲಕ ಶೇಕಡಾ 50ರಷ್ಟಾದರೂ ಬೆಳಕು ಹಾಯಬೇಕು. ಗಂಟೆಯೊಂದರ ಪ್ರಯಾಣದ ಕಾರಿಗೇ ಇಷ್ಟು ಬೆಳಕು ಕಡ್ಡಾಯವಾದರೆ, ದಿನಕ್ಕೆ ಆರೇಳು ಗಂಟೆ ಅಕ್ಷರ ನೋಡುವ ಮಕ್ಕಳ ಕೊಠಡಿಗೆ ಅದಕ್ಕಿಂತ ಕಡಿಮೆ ಬೆಳಕು ಸಾಕೆನ್ನುವುದು ಯಾವ ನ್ಯಾಯ?

ಕಪ್ಪು ಗಾಜಿನ ಪರವಾಗಿ ಮಾತನಾಡುವವರ ಮಾತಿನಲ್ಲಿಯೂ ಹುರುಳಿಲ್ಲದಿಲ್ಲ. ಮಧ್ಯಾಹ್ನದ ಓರೆಬಿಸಿಲು ಕರಿಹಲಗೆಯ ಮೇಲೆ ಬಿದ್ದರೆ ಅಕ್ಷರ ಕಾಣಿಸುವುದಿಲ್ಲ. ಕಿಟಕಿಯ ಪಕ್ಕದ ಮಗು ಬೆವರಿ ಬಳಲುತ್ತದೆ. ಇದು ನಿಜವಾದ ತೊಂದರೆ. ಆದರೆ ಈ ತೊಂದರೆ ಎಲ್ಲ ಕಿಟಕಿಗಳದ್ದಲ್ಲ. ಹೊಸೂರು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 12.7 ಡಿಗ್ರಿಯಲ್ಲಿದೆ. ಏಪ್ರಿಲ್ ಕೊನೆಯ ವಾರದ ಹೊತ್ತಿಗೂ ಆಗಸ್ಟ್ ಮೂರನೆಯ ವಾರದಲ್ಲಿಯೂ ನಡುಹಗಲಿನ ಸೂರ್ಯ ನಮ್ಮ ನೆತ್ತಿಯ ಮೇಲಿರುತ್ತಾನೆ. ಡಿಸೆಂಬರಿನಲ್ಲಿ ದಕ್ಷಿಣಕ್ಕೆ ವಾಲಿದರೂ ನಡುಹಗಲಲ್ಲಿ 54 ಡಿಗ್ರಿಯಷ್ಟು ಎತ್ತರದಲ್ಲಿರುತ್ತಾನೆ. ಆದ್ದರಿಂದ ದಕ್ಷಿಣದ ನಾಲ್ಕಡಿ ಎತ್ತರದ ಕಿಟಕಿಗೆ ಮೂರಡಿ ಚಾಚಿದ ಸಜ್ಜೆ ಇದ್ದರೆ ವರ್ಷದ ಯಾವ ನಡುಹಗಲಿನಲ್ಲಿಯೂ ಬಿಸಿಲು ಒಳಗೆ ಬೀಳದು. ಉತ್ತರದ ಕಿಟಕಿಗೆ ಇನ್ನೂ ಕಿರಿದಾದ ಸಜ್ಜೆ ಸಾಕು. ಕಾಟ ಕೊಡುವುದು ಪೂರ್ವ ಪಶ್ಚಿಮಗಳ ಕಿಟಕಿಗಳು. ಅಲ್ಲಿ ಸೂರ್ಯ ಕೆಳಗಿರುವುದರಿಂದ ಸಜ್ಜೆ ಕೆಲಸಕ್ಕೆ ಬಾರದು. ಬಣ್ಣ ಬದಲಿಸುವ ಗಾಜಿಗೆ ನಿಜವಾದ ಅಗತ್ಯವಿರುವುದು ಅಲ್ಲಿ ಮಾತ್ರ.

ಆ ಗಾಜು ನಮ್ಮ ಕೈಗೆಟುಕುವವರೆಗೆ ಏನು ಮಾಡುವುದು? ಉತ್ತರಕ್ಕಾಗಿ ದೂರ ಹೋಗಬೇಕಿಲ್ಲ. ಬಾಗಲೂರು, ಬೇರಿಕೈ, ತಳಿಗಳ ಕಡೆ ಗುಲಾಬಿ ಬೆಳೆಯುವ ರೈತರನ್ನು ಕೇಳಿದರೆ ಸಾಕು. ತಮ್ಮ ಪಾಲಿಹೌಸಿನ ಮಾಡನ್ನು ಅವರು ಶಾಶ್ವತವಾಗಿ ಕಪ್ಪು ಮಾಡಿಬಿಡುವುದಿಲ್ಲ. ಬಿಸಿಲೇರಿದಾಗ ನೆರಳಿನ ಬಲೆ ಎಳೆದು, ಮೋಡ ಬಂದಾಗ ಸರಿಸುತ್ತಾರೆ. ಬೆಳಕು ಕಡಿಮೆಯಾದರೆ ಹೂವು ಸೊರಗುತ್ತದೆಂದು ಅವರಿಗೆ ಗೊತ್ತು. ಗುಲಾಬಿಗೆ ಸಲ್ಲುವ ಈ ಕಾಳಜಿ ಮಕ್ಕಳಿಗೆ ಸಲ್ಲಬಾರದೆ? ಪಶ್ಚಿಮದ ಕಿಟಕಿಗೆ ಸುತ್ತಿಡಬಹುದಾದ ಬಿದಿರಿನ ತಟ್ಟಿಯನ್ನೋ ಮರದ ರೆಕ್ಕೆಬಾಗಿಲನ್ನೋ ಇಡಬಹುದು. ಹೊರಗೆ ಹೊಂಗೆಯ ಸಾಲು ನೆಟ್ಟರೆ ಇನ್ನೂ ಒಳ್ಳೆಯದು. ಚಳಿ ಮುಗಿಯುವಾಗ ಎಲೆಯುದುರಿಸಿ, ಯುಗಾದಿಯ ಹೊತ್ತಿಗೆ ಚಿಗುರಿ, ಬೇಸಗೆಯ ಉರಿಗೆ ಸರಿಯಾಗಿ ದಟ್ಟ ನೆರಳು ಕೊಡುವ ಹೊಂಗೆಯು ವಿದ್ಯುತ್ತನ್ನೂ ವೆಚ್ಚವನ್ನೂ ಬೇಡದೆ ಋತುವಿಗೆ ತಕ್ಕಂತೆ ಬಣ್ಣ ಬದಲಿಸುವ ಕಿಟಕಿಯೇ ಸರಿ.

ಆದ್ದರಿಂದ ಆಡಳಿತ ಮಂಡಳಿಗೂ ಹಳೆಯ ವಿದ್ಯಾರ್ಥಿಗಳಿಗೂ ನನ್ನ ವಿನಂತಿ ಇಷ್ಟು. ಹೊಸ ಕೊಠಡಿಗಳ ಉದ್ದನೆಯ ಗೋಡೆಗಳು ಉತ್ತರ ದಕ್ಷಿಣಗಳಿಗೆ ಮುಖ ಮಾಡಿರಲಿ. ಕಿಟಕಿಗಳು ದೊಡ್ಡವಾಗಿರಲಿ, ಗಾಜು ತಿಳಿಯಾಗಿರಲಿ. ಈಗಾಗಲೇ ಕಪ್ಪು ಹಾಳೆ ಅಂಟಿಸಿದ್ದಲ್ಲಿ ಮಳೆಗಾಲಕ್ಕೆ ಮೊದಲೇ ಅದನ್ನು ಕೀಳಿಸಲಿ. ಉಳಿದ ಹಣದಲ್ಲಿ ಸ್ವಲ್ಪ ಭಾಗದಿಂದ ವಿಜ್ಞಾನ ಕೊಠಡಿಯ ಒಂದೇ ಒಂದು ಪಶ್ಚಿಮದ ಕಿಟಕಿಗೆ ವಿದ್ಯುತ್ತಿನಿಂದ ಬದಲಾಗುವ ಗಾಜಿನ ಸಣ್ಣ ಹಲಗೆಯೊಂದನ್ನು ಕೂಡಿಸಲಿ. ಮಕ್ಕಳು ತಿಂಗಳು ತಿಂಗಳು ಒಳಗಿನ ಬೆಳಕನ್ನೂ ಉಷ್ಣತೆಯನ್ನೂ ಅಳೆದು ಗೋಡೆಯ ಮೇಲೆ ಬರೆಯಲಿ. ಪಕ್ಕದ ಕಿಟಕಿಯ ತಟ್ಟಿಗೂ ಆ ಗಾಜಿಗೂ ಯಾವುದು ಮೇಲೆಂದು ತಾವೇ ನಿರ್ಣಯಿಸಲಿ.

ಈ ಪಾಠವೆಲ್ಲ ಕನ್ನಡದಲ್ಲೇ ನಡೆಯಲಿ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಗಡಿಯಾಚೆಯ ಕನ್ನಡ ಶಾಲೆಗೆ ಮಕ್ಕಳು ಬರುವುದು ಕಡಿಮೆಯಾಗುತ್ತಿದೆಯೆಂದು ಸಭೆಗಳಲ್ಲಿ ನಾವು ಮರುಗುತ್ತೇವೆ. ಕನ್ನಡದಲ್ಲಿ ಕಥೆ ಕವಿತೆಗಳು ಮಾತ್ರ ಸಿಗುತ್ತವೆ, ಲೋಕಜ್ಞಾನ ಸಿಗುವುದಿಲ್ಲ ಎಂಬ ಭಾವನೆ ಪೋಷಕರಲ್ಲಿ ಬೇರೂರಿರುವುದೂ ಅದಕ್ಕೊಂದು ಕಾರಣ. ಬೆಳ್ಳಿಯ ಹರಳು ಏಕೆ ಕಪ್ಪಾಗುತ್ತದೆ, ಟಂಗ್‌ಸ್ಟನ್ನಿನ ಪದರ ಏಕೆ ನೀಲಿಯಾಗುತ್ತದೆ ಎಂಬುದನ್ನು ತಾಯ್ನುಡಿಯಲ್ಲಿ ಮನಗಂಡ ಮಗು ಅದನ್ನು ತಮಿಳಿನಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಮತ್ತೊಬ್ಬರಿಗೆ ತಿಳಿಸಬಲ್ಲದು. ಅರ್ಥವಾಗದ ಭಾಷೆಯಲ್ಲಿ ಉರುಹಚ್ಚಿದ ಮಗು ಯಾವ ಭಾಷೆಯಲ್ಲಿಯೂ ತಿಳಿಸಲಾರದು.

ಐವತ್ತು ವರ್ಷಗಳ ಕಾಲ ನಮ್ಮ ಸೀಮೆಯ ಮಕ್ಕಳಿಗೆ ಬೆಳಕಾಗಿ ನಿಂತ ಈ ಶಾಲೆಯ ಕಿಟಕಿಗಳು ಮುಂದಿನ ಐವತ್ತು ವರ್ಷಗಳ ಕಾಲವೂ ಹಗಲಿಗೆ ತೆರೆದಿರಲಿ, ಬಿಸಿಲಿಗೆ ನೆರಳು ಕೊಡಲಿ, ಯಾವ ಮಗುವಿನ ಪುಸ್ತಕದ ಮೇಲೂ ಕತ್ತಲೆ ಕವಿಯದಿರಲಿ ಎಂದು ಹಾರೈಸುತ್ತೇನೆ.