ಗಲ್ಲೆಯ ಚೀಟಿಯೂ ಗಣಕವಿದ್ಯೆಯೂ

ದುಡಿಮೆಯನ್ನು ಬಿಡದೆ ವಿದ್ಯೆಯನ್ನು ಗಳಿಸುವುದು ಪರಊರಿನ ಕನ್ನಡಿಗರಿಗೆ ಹೊಸತಲ್ಲ. ಹಗಲು ತಟ್ಟೆ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಓದಿದವರು ಮುಂಬಯಿಯಲ್ಲಿ ವಕೀಲರಾದರು, ಬ್ಯಾಂಕಿನ ಅಧಿಕಾರಿಗಳಾದರು. ಆ ಪರಂಪರೆಯನ್ನು ಇಂದಿನ ಕಾಲಕ್ಕೆ ತಕ್ಕಂತೆ ಮುಂದುವರಿಸುವ ಬಗೆ ಯಾವುದೆಂಬುದೇ ಈಗ ನಮ್ಮ ಮುಂದಿರುವ ಪ್ರಶ್ನೆ.

ಗುಮಾಸ್ತನ ಮೇಜಿನಿಂದ ಲೆಡ್ಜರು ಮರೆಯಾಗಿ ಬಹುಕಾಲವಾಯಿತು. 1983ರಲ್ಲಿ ಬ್ಯಾಂಕ್ ನೌಕರರ ಸಂಘಗಳಿಗೂ ಆಡಳಿತವರ್ಗಕ್ಕೂ ಗಣಕೀಕರಣದ ಕುರಿತು ಒಪ್ಪಂದವಾಯಿತು. 2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬಂದ ಮೇಲಂತೂ ಹೋಟೆಲಿನ ಗಲ್ಲೆಗೂ ಗಣಕದ ಲೆಕ್ಕ ಅನಿವಾರ್ಯವೆನಿಸುತ್ತ ಬಂದಿದೆ. ಯಂತ್ರ ಬಂದಿತೆಂದು ಹಳಹಳಿಸಿ ಫಲವಿಲ್ಲ. ಅದನ್ನು ಆಳುವವರು ಯಾರೆಂಬುದೇ ಮುಖ್ಯ.

‘ಇನ್‌ಫರ್ಮೇಶನ್ ಸಿಸ್ಟಮ್ಸ್’, ಅಂದರೆ ಮಾಹಿತಿ ವ್ಯವಸ್ಥೆ ಎಂಬ ಹೆಸರಿಗೆ ಅಂಜಬೇಕಾಗಿಲ್ಲ. ಮಾಣಿ ಬರೆದ ಚೀಟಿ ಅಡುಗೆಮನೆಗೆ ಹೋಗುವುದು, ಅದೇ ಲೆಕ್ಕ ಗಲ್ಲೆಗೆ ಬರುವುದು, ಉಗ್ರಾಣದಲ್ಲಿ ಅಕ್ಕಿ ಉದ್ದು ಎಷ್ಟು ಇಳಿಯಿತೆಂದು ಸಂಜೆ ತಾಳೆ ನೋಡುವುದು: ಇದೂ ಮಾಹಿತಿ ವ್ಯವಸ್ಥೆಯೇ. ವಿವರಗಳನ್ನು ಪಟ್ಟಿಗಳಲ್ಲಿರಿಸಿ, ಅವುಗಳಲ್ಲಿನ ಸಮಾನ ಅಂಶದಿಂದಲೇ ಒಂದಕ್ಕೊಂದು ಸಂಬಂಧ ಕಲ್ಪಿಸುವ ತತ್ತ್ವವನ್ನು ಐ.ಬಿ.ಎಂ. ಸಂಸ್ಥೆಯಲ್ಲಿದ್ದ ಇ. ಎಫ್. ಕಾಡ್ 1970ರಲ್ಲಿ ಪ್ರಕಟಿಸಿದರು. ಚೀಟಿಯ ನಂಬರಿನಿಂದ ಬಿಲ್ಲನ್ನು ಹುಡುಕುವ ನಮ್ಮ ಗಲ್ಲೆಯವನಿಗೆ ಅದು ತೀರ ಅಪರಿಚಿತವಲ್ಲ. ಯಂತ್ರವು ತಪ್ಪು ಚೀಟಿಯನ್ನು ತಾನಾಗಿ ತಿದ್ದಲಾರದು. ಸೋರಿಕೆ ಎಲ್ಲೆಂಬುದನ್ನು ಬಲ್ಲವನು ಕೆಲಸದಲ್ಲಿ ನುರಿತವನೇ.

ಕಲಿಯುವುದೆಲ್ಲಿ? ಅಮೆರಿಕದ ಜೋಲಿಯೆಟ್ ನಗರದಲ್ಲಿ 1901ರಲ್ಲಿ ಆರಂಭವಾದ ಕಾಲೇಜು ಅಲ್ಲಿಯ ಕಮ್ಯುನಿಟಿ ಕಾಲೇಜುಗಳಿಗೆ ಮೇಲ್ಪಂಕ್ತಿಯಾಯಿತು. ನಮ್ಮಲ್ಲಿ 1995ರಲ್ಲಿ ಪುದುಚೇರಿಯಲ್ಲಿ ಅಂಥ ಕಾಲೇಜು ತೆರೆಯಿತು, 2013ರಲ್ಲಿ ಯು.ಜಿ.ಸಿ. ಇದಕ್ಕಾಗಿ ಯೋಜನೆಯನ್ನೇ ರೂಪಿಸಿತು. ಸಮೀಪದಲ್ಲಿ ಇಂಥ ಕಾಲೇಜು ಇಲ್ಲದವರಿಗೆ, 1985ರಲ್ಲಿ ಸ್ಥಾಪಿತವಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವಿದೆ. ಅದರ ಮೂರು ವರ್ಷದ ಬಿ.ಸಿ.ಎ. ವ್ಯಾಸಂಗವನ್ನು ಆರು ವರ್ಷಗಳವರೆಗೆ ಹಂಚಿಕೊಂಡು ಮುಗಿಸಬಹುದು. ಹನ್ನೆರಡನೆಯ ತರಗತಿಯನ್ನು ಮುಟ್ಟದವರು ಮೊದಲು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಪರೀಕ್ಷೆಗಳಿಗೆ ಕೂಡಬಹುದು.

ಒಂದು ಎಚ್ಚರಿಕೆಯ ಮಾತು. ಬೆರಳಚ್ಚನ್ನಷ್ಟೇ ಕಲಿಸಿ, ಬಣ್ಣದ ಪ್ರಮಾಣಪತ್ರ ಕೊಟ್ಟು, ಬಡವನ ಮೂರು ತಿಂಗಳ ಸಂಬಳವನ್ನು ಕಸಿಯುವ ತರಗತಿಗಳು ಗಲ್ಲಿಗಲ್ಲಿಯಲ್ಲಿವೆ. ಈ ಪತ್ರಕ್ಕೆ ಮಾನ್ಯತೆ ಕೊಟ್ಟವರು ಯಾರು, ಮುಂದಿನ ಪದವಿಗೆ ಇದು ಸಲ್ಲುವುದೇ ಎಂದು ಕೇಳದೆ ಹಣ ಕಟ್ಟಬಾರದು.

ಹಾಗೆಂದು ಹೊಣೆಯೆಲ್ಲವೂ ಕಲಿಯುವವನದೇ ಅಲ್ಲ. ಬೆಳಗಿನ ಜಾವದಿಂದ ನಡುರಾತ್ರಿಯವರೆಗೆ ನಿಂತೇ ದುಡಿದವನಿಗೆ ಹಟವೊಂದರಿಂದಲೇ ಓದು ಹತ್ತುವುದಿಲ್ಲ. ತಟ್ಟೆ ತೊಳೆದೇ ಮೇಲೆ ಬಂದ ಮಾಲಕರು ನಮ್ಮಲ್ಲಿ ಅನೇಕರಿದ್ದಾರೆ. ವಾರಕ್ಕೆ ಎರಡು ಸಂಜೆ, ಪರೀಕ್ಷೆಯ ದಿನಗಳಲ್ಲಿ ಸಂಬಳಸಹಿತ ರಜೆ ಕೊಡುವುದು ಅವರಿಗೆ ಭಾರವಾಗದು. ವಾರ್ಷಿಕೋತ್ಸವದ ಪೆಂಡಾಲಿಗೆ ವೆಚ್ಚಮಾಡುವ ಕನ್ನಡ ಸಂಘಗಳು ತಮ್ಮ ಕಟ್ಟಡದ ಒಂದು ಕೋಣೆಯಲ್ಲಿ ನಾಲ್ಕು ಗಣಕಗಳನ್ನಿಟ್ಟು, ರಾತ್ರಿ ಹನ್ನೊಂದರವರೆಗೆ ದೀಪ ಉರಿಸಲಿ. ಹಿಂದಿನವರು ರಾತ್ರಿಶಾಲೆಗಳನ್ನು ಕಟ್ಟಿದ್ದು ಇದಕ್ಕಿಂತ ಕಡಿಮೆ ಅನುಕೂಲದಲ್ಲಿ ಎಂಬುದನ್ನು ಸಂಘಗಳ ಕಾರ್ಯಕರ್ತರಿಗೆ ನಾವು ನೆನಪಿಸಬಯಸುತ್ತೇವೆ.